ಮೊದಲ ಪ್ರೇಮದ ಹದಿಹರೆಯದ ಕಾದಂಬರಿ: ಬರೆಯುವ ಬಗೆ, ಹಂತ ಹಂತವಾಗಿ

ಮೊದಲ ಪ್ರೇಮದ ಕಾದಂಬರಿ ಬರೆಯಲು ಕೂತವರು ಸಾಮಾನ್ಯವಾಗಿ ಜೋಡಿಯಿಂದ ಶುರುಮಾಡುತ್ತಾರೆ. ಹುಡುಗ ಹೇಗಿರಬೇಕು, ಹುಡುಗಿ ಹೇಗಿರಬೇಕು, ಇಬ್ಬರೂ ಎಲ್ಲಿ ಎದುರಾಗಬೇಕು ಎಂಬ ಲೆಕ್ಕಾಚಾರ. ಅದಕ್ಕೆಲ್ಲ ಮುಂದೆ ಬೇಕಾದಷ್ಟು ಸಮಯವಿದೆ. ಅದಕ್ಕೂ ಮುಂಚೆ ಮನಸ್ಸಿನಲ್ಲಿ ಗಟ್ಟಿಯಾಗಬೇಕಾದ ಸಂಗತಿ ಒಂದಿದೆ: ಈ ಕಥೆಯಲ್ಲಿ ಪ್ರೀತಿಸುವವರ ಬಳಿ ಹೋಲಿಸಿ ನೋಡಲು ಹಳೆಯ ಅನುಭವವೇ ಇಲ್ಲ. 30 ದಾಟಿದವರಿಗೆ ಮನಸ್ಸು ಮುರಿದರೆ, ಇದೂ ಕಳೆದುಹೋಗುತ್ತದೆ ಎಂದು ತಮಗೆ ತಾವೇ ಹೇಳಿಕೊಳ್ಳಲು ಹಿಂದಿನದೊಂದು ಸಾಕ್ಷಿ ಇರುತ್ತದೆ. 16ರವರಿಗೆ ಅದಿಲ್ಲ. ಎದೆ ಹೀಗೆ ಬಡಿದುಕೊಳ್ಳುತ್ತಿರುವುದು ಭಯಕ್ಕೋ ಖುಷಿಗೋ ಎಂಬುದೂ ಅವರಿಗೆ ಖಚಿತವಿಲ್ಲ. ಈ ತಿಳಿಯದಿರುವಿಕೆಯೇ ನಿಮ್ಮ ಕಾದಂಬರಿಯ ಬಂಡವಾಳ. ನಿರೂಪಣೆ, ಭಾಷೆ, ಅಡ್ಡಿ, ಕೊನೆ ಎಲ್ಲವೂ ಇದರ ಮೇಲೆಯೇ ನಿಲ್ಲಬೇಕು.

ಹದಿಹರೆಯದ ತೀವ್ರತೆಯನ್ನು ದೊಡ್ಡವರು ‘ಅತಿ’ ಎಂದು ತಳ್ಳಿಹಾಕುವುದುಂಟು. ಬರೆಯುವವರು ಆ ತಪ್ಪು ಮಾಡಬಾರದು. ಮುಂದಾಗುವುದನ್ನು ತೂಗಿ ನೋಡುವ, ಆವೇಗಕ್ಕೆ ಕಡಿವಾಣ ಹಾಕುವ ಪ್ರಿಫ್ರಂಟಲ್ ಕಾರ್ಟೆಕ್ಸ್ ಎಂಬ ಮಿದುಳಿನ ಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ಮೆಚ್ಚುಗೆಗೆ, ಹೊಸತಕ್ಕೆ ಮಿಡಿಯುವ ಭಾಗಗಳಾದರೋ ಹದಿಹರೆಯದಲ್ಲೇ ಬಹಳ ಚುರುಕು. ಇನ್ನೊಂದು ಕಡೆಯಿಂದ ನೋಡಿ: 40 ದಾಟಿದವರನ್ನು ಬದುಕಿನ ನೆನಪುಗಳ ಬಗ್ಗೆ ಕೇಳಿದರೆ, ಸುಮಾರು 10ರಿಂದ 30 ವಯಸ್ಸಿನ ನಡುವಿನ ನೆನಪುಗಳೇ ಹೆಚ್ಚು ಎದ್ದು ಬರುತ್ತವೆ ಎಂಬುದು ಮನಶ್ಶಾಸ್ತ್ರದಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ. ಮೊದಮೊದಲ ಅನುಭವಗಳು ಆ ವರ್ಷಗಳಲ್ಲೇ ಕಿಕ್ಕಿರಿದಿರುತ್ತವೆ. ಹಾಗಾಗಿ ನೀವು ಬರೆಯುತ್ತಿರುವುದು ಹಗುರವಾದ ವಿಷಯವಲ್ಲ, ಅದನ್ನು ಪೂರ್ತಿ ಗೌರವದಿಂದ ಬರೆಯಿರಿ.

ಮೊದಲ ಹಂತ: ಯಾರ ಕಣ್ಣು, ಯಾವ ವಯಸ್ಸು

ಈ ಬಗೆಯ ಕಾದಂಬರಿಗಳ ಓದುಗರು ಮುಖ್ಯವಾಗಿ 12ರಿಂದ 18ರವರು, ಜೊತೆಗೆ ಆ ವಯಸ್ಸನ್ನು ಮರೆಯದ ದೊಡ್ಡವರು. ಹದಿಹರೆಯದ ಓದುಗರು ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆಯನ್ನು ಇಷ್ಟಪಡುವುದರಿಂದ ಮುಖ್ಯ ಪಾತ್ರದ ವಯಸ್ಸು 15ರಿಂದ 18ರೊಳಗೆ ಇದ್ದರೆ ಒಳ್ಳೆಯದು. ಇಬ್ಬರೂ ಓರಗೆಯವರೇ ಆಗಿರಲಿ. ಒಬ್ಬರು ದೊಡ್ಡವರು, ಇನ್ನೊಬ್ಬರು ಅಪ್ರಾಪ್ತರು ಎಂಬ ಜೋಡಿಯನ್ನು ಸಿಹಿಯಾದ ಪ್ರೇಮಕಥೆಯಾಗಿ ಹೇಳಲು ಹೋಗಬೇಡಿ, ಅದು ಪ್ರೇಮಕಥೆಯಲ್ಲ.

ನಿರೂಪಣೆಗೆ ನನ್ನ ಆಯ್ಕೆ ಉತ್ತಮ ಪುರುಷ, ಅಂದರೆ ‘ನಾನು’ ಎಂದು ಹೇಳುವ ಧಾಟಿ. ತಿಳಿಯದಿರುವಿಕೆಯನ್ನು ಒಳಗಿನಿಂದ ತೋರಿಸಲು ಅದಕ್ಕಿಂತ ಸಲೀಸಾದ ದಾರಿಯಿಲ್ಲ. ಓದುಗರಿಗೆ ಪ್ರೀತಿ ಎಂದು ಆಗಲೇ ಹೊಳೆದಿರುತ್ತದೆ, ಹೇಳುತ್ತಿರುವವಳಿಗೆ ಇನ್ನೂ ಹೊಳೆದಿರುವುದಿಲ್ಲ. ಆ ಅಂತರದಲ್ಲಿ ಓದುಗರಿಗೆ ಸಿಗುವ ಸುಖ ದೊಡ್ಡದು. ಇಬ್ಬರ ಧ್ವನಿಯಲ್ಲೂ ಅಧ್ಯಾಯ ಬದಲಿಸಿ ಬರೆಯಬಹುದು. ಆದರೆ ಆಗ ಒಬ್ಬರ ಮನಸ್ಸು ಇನ್ನೊಬ್ಬರಿಗೆ ಗುಟ್ಟಾಗಿದ್ದರೂ ಓದುಗರಿಗೆ ಗುಟ್ಟಾಗಿರುವುದಿಲ್ಲ. ಮೊದಲ ಕಾದಂಬರಿಗೆ ಒಂದೇ ಧ್ವನಿ ಸಾಕು.

ಒಂದು ಎಚ್ಚರಿಕೆ. ‘ಆಗ ನನಗೆ ಗೊತ್ತಿರಲಿಲ್ಲ, ಈಗ ಅರ್ಥವಾಗುತ್ತಿದೆ’ ಎಂಬ ವಾಕ್ಯ ಕರಡಿನಲ್ಲಿ ಎಲ್ಲಿ ಬಂದರೂ ಹೊಡೆದುಹಾಕಿ. ದೊಡ್ಡವರ ಬುದ್ಧಿ ಕಥೆಯೊಳಗೆ ಕಾಲಿಟ್ಟ ಕೂಡಲೇ ಹದಿನಾರರ ಹುಡುಗಿ ಹೊರಗೆ ಹೋಗುತ್ತಾಳೆ.

ಎರಡನೇ ಹಂತ: ಪ್ರೀತಿಗೂ ಮುಂಚಿನ ಬಯಕೆ

ಪ್ರೀತಿ ಬರುವ ಮೊದಲೇ ಇಬ್ಬರಿಗೂ ಬೇರೇನೋ ಬೇಕಾಗಿರಬೇಕು. ಏನೂ ಬೇಡದೆ ಪ್ರೀತಿಗಾಗಿ ಕಾಯುತ್ತ ಕೂತ ಪಾತ್ರಕ್ಕೆ ಜೀವ ಬರುವುದಿಲ್ಲ. ಜೊತೆಗೆ, ಆ ಬಯಕೆಯ ಬೆನ್ನಿಗೇ ತನ್ನ ಬಗ್ಗೆ ಒಂದು ತಪ್ಪು ನಂಬಿಕೆಯೂ ಇರಬೇಕು. ಮೊದಲ ಪ್ರೇಮದಲ್ಲಿ ನಿಜವಾಗಿ ಆಗುವುದು ಇಷ್ಟು: ಮನೆಯವರಲ್ಲದ ಒಬ್ಬರು ನಮ್ಮನ್ನು ಮೊದಲ ಬಾರಿಗೆ ಗಮನವಿಟ್ಟು ನೋಡುತ್ತಾರೆ, ಅವರಿಗೆ ಕಂಡ ನಾವು ನಮಗೆ ಗೊತ್ತಿದ್ದ ನಮಗಿಂತ ಬೇರೆಯಾಗಿರುತ್ತೇವೆ. ತಪ್ಪು ನಂಬಿಕೆ ಒಡೆಯುವುದು ಅಲ್ಲಿ.

ವಿವರಿಸಲು ಒಂದು ಕಥೆಯನ್ನೇ ಕಟ್ಟಿಕೊಂಡು ಹೋಗೋಣ. ಶಾಲೆಯ ನಾಟಕ. 16ರ ಹುಡುಗಿ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ಪ್ರತಿ ಹಿಡಿದು ಕೂತು, ನಟರು ಮಾತು ಮರೆತಾಗ ಪಿಸುಗುಟ್ಟಿ ನೆನಪಿಸುವುದು ಅವಳ ಕೆಲಸ. ಅವಳಿಗೆ ನಾಟಕ ಬರೆಯುವ ಆಸೆ. ಆದರೆ ತನಗೆ ಹೇಳಲು ಬರುವುದು ಇನ್ನೊಬ್ಬರ ಮಾತು ಮಾತ್ರ ಎಂದು ನಂಬಿದ್ದಾಳೆ. ಮುಖ್ಯ ಪಾತ್ರ ಮಾಡುವ ಹುಡುಗ ಊರಿಗೆ ಹೊಸಬ. ಅಪ್ಪನ ವರ್ಗಾವಣೆಯಿಂದಾಗಿ ಶಾಲೆಯಿಂದ ಶಾಲೆಗೆ ಹೋಗುತ್ತಲೇ ಬೆಳೆದವನು. ಎಲ್ಲಿಯೂ ಗಟ್ಟಿಯಾಗಿ ಅಂಟಿಕೊಳ್ಳಬಾರದು ಎಂಬುದು ಅವನು ಕಲಿತ ಪಾಠ. ಅವಳ ಮುಖ ನೋಡುವ ಮೊದಲೇ ಅವನು ಕತ್ತಲಲ್ಲಿ ಅವಳ ಪಿಸುದನಿ ಕೇಳುತ್ತಾನೆ.

ಈ ನಾಲ್ಕು ಸಾಲಿನೊಳಗೆ ಕಾದಂಬರಿಗೆ ಬೇಕಾದ್ದೆಲ್ಲ ಇದೆ: ಇಬ್ಬರ ಬಯಕೆ, ಇಬ್ಬರ ತಪ್ಪು ನಂಬಿಕೆ, ಮತ್ತೆ ಮತ್ತೆ ಭೇಟಿಯಾಗಲು ಕಾರಣ, ಒಂದು ಗಡುವು. ನಿಮ್ಮ ಕಥೆಯನ್ನೂ ಬರೆಯಲು ತೊಡಗುವ ಮುನ್ನ ಇಷ್ಟರಲ್ಲಿ ಹೇಳಲು ಬರಬೇಕು. ಬರದಿದ್ದರೆ ಇನ್ನೂ ಎರಡು ವಾರ ಯೋಚಿಸುವುದೇ ಲೇಸು.

ಮೂರನೇ ಹಂತ: ಮತ್ತೆ ಮತ್ತೆ ಸೇರಿಸುವುದು

ಭೇಟಿಯ ದೃಶ್ಯಕ್ಕೆ ಹೊಸಬರು ಬಹಳ ಶ್ರಮ ಹಾಕುತ್ತಾರೆ. ಡಿಕ್ಕಿ ಹೊಡೆಯುವುದು, ಪುಸ್ತಕ ಚೆಲ್ಲುವುದು, ಮಳೆಯಲ್ಲಿ ಒಂದೇ ಕೊಡೆ. ಅದಕ್ಕಿಂತ ಮುಖ್ಯವಾದದ್ದು ಎರಡನೇ ಭೇಟಿ, ಮೂರನೆಯದು, ಹತ್ತನೆಯದು. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾಂಟ್ಸ್ 1968ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಸರಳವಾದ ಮಾತು: ಯಾವುದನ್ನು ಮತ್ತೆ ಮತ್ತೆ ಕಾಣುತ್ತೇವೋ ಅದರ ಮೇಲೆ ಒಲವು ಬೆಳೆಯುತ್ತದೆ. ಆದ್ದರಿಂದ ಇಬ್ಬರನ್ನೂ ಒಂದೇ ಜಾಗಕ್ಕೆ ಎಳೆದು ತರುವ, ಅವರ ಇಷ್ಟಾನಿಷ್ಟಕ್ಕೆ ಬಗ್ಗದ ಏರ್ಪಾಡೊಂದು ಬೇಕು. ತಾಲೀಮು, ಪ್ರಯೋಗಾಲಯದ ಜೋಡಿ, ಒಂದೇ ಬಸ್ಸು, ಕಾಯಿಲೆ ಬಿದ್ದ ಗೆಳೆಯನ ಬದಲು ಒಪ್ಪಿಕೊಂಡ ಕೆಲಸ, ಏನಾದರೂ ಸರಿ. ಬೇಡವೆಂದರೂ ತಪ್ಪಿಸಿಕೊಳ್ಳಲಾಗದಂತಿರಲಿ. ಪ್ರತಿ ಭೇಟಿಯಲ್ಲೂ ಒಬ್ಬರ ಬಗ್ಗೆ ಇನ್ನೊಬ್ಬರಿಗೆ ಒಂದು ಹೊಸ ಸಂಗತಿ ಗೊತ್ತಾಗಲಿ. ಏನೂ ಹೊಸದು ಗೊತ್ತಾಗದ ಭೇಟಿ ಎಷ್ಟೇ ಮುದ್ದಾಗಿದ್ದರೂ ಕಿತ್ತುಹಾಕಿ.

ಗೊತ್ತಾಗುವುದಕ್ಕೂ ಒಂದು ಕ್ರಮವಿದೆ. ಮನಶ್ಶಾಸ್ತ್ರಜ್ಞ ಆರ್ಥರ್ ಆರನ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಪರಿಚಿತರಿಗೆ 36 ಪ್ರಶ್ನೆ ಕೊಟ್ಟಿದ್ದರು. ಮೂರು ಕಂತುಗಳಲ್ಲಿ ಪ್ರಶ್ನೆಗಳು ಮೇಲುಮೇಲಿನದರಿಂದ ಆಳಕ್ಕೆ ಇಳಿಯುತ್ತವೆ, ಇಬ್ಬರೂ ಸರದಿಯಂತೆ ಉತ್ತರಿಸಬೇಕು. ಸುಮ್ಮನೆ ಹರಟಿದವರಿಗಿಂತ ಇವರಲ್ಲಿ ಹೆಚ್ಚು ಆಪ್ತತೆ ಮೂಡಿತು. ಕಾದಂಬರಿಕಾರರಿಗೆ ಬೇಕಾದದ್ದು ಆ ಸರದಿ. ಅವಳು ಒಂದು ಗುಟ್ಟು ಬಿಟ್ಟುಕೊಟ್ಟರೆ ಅವನೂ ಅಷ್ಟೇ ತೂಕದ್ದನ್ನು ಬಿಟ್ಟುಕೊಡಬೇಕು. ಒಬ್ಬರೇ ತೆರೆದುಕೊಳ್ಳುತ್ತ ಹೋದರೆ ಅದು ಪ್ರೇಮಕಥೆಯಂತೆ ಕಾಣುವುದಿಲ್ಲ, ಸಮಾಲೋಚನೆಯಂತೆ ಕಾಣುತ್ತದೆ.

ನಾಲ್ಕನೇ ಹಂತ: ಅಡ್ಡಿ ಒಳಗಿನದಾಗಿರಲಿ

ಖಳನಾಯಕ ಬೇಡ. ಹಠಮಾರಿ ಅಪ್ಪ, ಹೊಟ್ಟೆಕಿಚ್ಚಿನ ಗೆಳತಿ, ಶ್ರೀಮಂತ ಪ್ರತಿಸ್ಪರ್ಧಿ ಇವರೆಲ್ಲ ಹೊರಗಿನಿಂದ ತಂದು ಕೂರಿಸಿದ ಅಡ್ಡಿಗಳು. ಒಂದು ಮಾತಿನಲ್ಲಿ ಬಗೆಹರಿಯಬಹುದಾದ ತಪ್ಪು ತಿಳಿವಳಿಕೆಯ ಮೇಲೆ 100 ಪುಟ ಎಳೆದರೆ ಓದುಗರಿಗೆ ಸಿಟ್ಟು ಬರುತ್ತದೆ, ಬರಲೇಬೇಕು.

ಪ್ರೀತಿ ಹುಟ್ಟಿಸಿದ ಸಂಗತಿಯೇ ಪ್ರೀತಿಯನ್ನು ಒಡೆಯುವಂತಾದರೆ ಕಥೆ ಬಿಗಿಯಾಗುತ್ತದೆ. ನಮ್ಮ ಕಥೆಯಲ್ಲಿ ಹುಡುಗನಿಗೆ ಮಾತುಗಳೆಲ್ಲ ಎಂದೋ ಬಾಯಿಪಾಠವಾಗಿವೆ. ಅವಳ ದನಿ ಕೇಳಲೆಂದೇ ಅವನು ಮರೆತವನಂತೆ ನಿಲ್ಲುತ್ತಿದ್ದಾನೆ. ಓದುಗರಿಗೆ ಇದು ಗೊತ್ತಾದಾಗ ಎಷ್ಟು ಮುದ್ದು ಅನಿಸುತ್ತದೆ! ಹುಡುಗಿಗೆ ಗೊತ್ತಾದಾಗ ಮಾತ್ರ ಅವಮಾನ. ತಾನು ಒಬ್ಬರಿಗಾದರೂ ಬೇಕಾದವಳು ಎಂದುಕೊಂಡಿದ್ದಳು, ಅದೂ ಸುಳ್ಳಾಯಿತಲ್ಲ. ಇಲ್ಲಿ ಯಾರೂ ಕೆಟ್ಟವರಲ್ಲ, ಇಬ್ಬರದೂ ನ್ಯಾಯವೇ. ‘ನಿನ್ನ ದನಿ ಇಷ್ಟ’ ಎಂದು ಅವನು ಅಲ್ಲೇ ಹೇಳಿಬಿಟ್ಟರೂ ನೋವು ಹೋಗುವುದಿಲ್ಲ, ಯಾಕೆಂದರೆ ಅದು ಅವಳ ತಪ್ಪು ನಂಬಿಕೆಗೆ ನೇರವಾಗಿ ತಾಗಿದೆ. ನಿಮ್ಮ ಕಥೆಯ ಅಡ್ಡಿಯನ್ನು ಹೀಗೆ ಪರೀಕ್ಷಿಸಿ: ಇಬ್ಬರೂ ಐದು ನಿಮಿಷ ಮನಬಿಚ್ಚಿ ಮಾತಾಡಿದರೆ ಬಗೆಹರಿಯುತ್ತದೆಯೇ? ಹಾಗಾದರೆ ಅದು ಅಡ್ಡಿಯೇ ಅಲ್ಲ.

ಐದನೇ ಹಂತ: ಅಧ್ಯಾಯಗಳ ಅಳತೆ

ಇಂಗ್ಲಿಷ್‌ನಲ್ಲಿ ಈ ಬಗೆಯ ಕಾದಂಬರಿಗಳು ಸಾಮಾನ್ಯವಾಗಿ 50,000ದಿಂದ 80,000 ಪದಗಳಷ್ಟಿರುತ್ತವೆ. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಅಷ್ಟೇ ಕಥೆ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. 24 ಅಧ್ಯಾಯ, ಒಂದೊಂದಕ್ಕೆ 1,800 ಪದದಷ್ಟು ಎಂದು ಇಟ್ಟುಕೊಂಡರೆ ಸುಮಾರು 43,000 ಪದ. ಮೊದಲ ಕಾದಂಬರಿಗೆ ಹದವಾದ ಅಳತೆ. ದಿನಕ್ಕೆ 500 ಪದ ಬರೆದರೆ ಮೂರು ತಿಂಗಳಲ್ಲಿ ಮೊದಲ ಕರಡು ಮುಗಿಯುತ್ತದೆ.

ಇಬ್ಬರೂ ಮೊದಲ ಎರಡು ಅಧ್ಯಾಯಗಳಲ್ಲೇ ಎದುರಾಗಲಿ. ಆರನೆಯದರ ಹೊತ್ತಿಗೆ ಹಿಂದೆ ಸರಿಯಲಾಗದಂತೆ ಸಿಕ್ಕಿಕೊಂಡಿರಲಿ. ಹನ್ನೆರಡರ ಆಸುಪಾಸಿನಲ್ಲಿ, ಅಂದರೆ ನಟ್ಟನಡುವೆ, ಸಂಬಂಧದ ಬಣ್ಣ ಬದಲಾಗಲಿ. ಅವನು ಮರೆಯುತ್ತಿಲ್ಲ ಎಂದು ಓದುಗರಿಗೆ ಅನುಮಾನ ಹುಟ್ಟುವುದು ಅಲ್ಲಿ. ಹದಿನೆಂಟರಲ್ಲಿ ಒಡಕು. ಮುಂದಿನ ಎರಡು ಅಧ್ಯಾಯ ಅವಳು ಒಂಟಿಯಾಗಿರಲಿ, ತನ್ನ ನಂಬಿಕೆಯನ್ನು ತಾನೇ ಎದುರಿಸಲಿ. ಈ ಎರಡು ಅಧ್ಯಾಯಗಳನ್ನು ಅವಸರದಲ್ಲಿ ದಾಟಿಸುವವರೇ ಹೆಚ್ಚು. ಅಲ್ಲಿ ಅವಳು ಬದಲಾಗದಿದ್ದರೆ ಮತ್ತೆ ಸೇರುವುದಕ್ಕೆ ಬೆಲೆ ಇರುವುದಿಲ್ಲ.

ಆರನೇ ಹಂತ: ಭಾವನೆಯ ಹೆಸರು ಹೇಳದೆ ಭಾವನೆ ಬರೆಯುವುದು

ಕಾದಂಬರಿ ಗೆಲ್ಲುವುದೂ ಸೋಲುವುದೂ ಇಲ್ಲಿ. ‘ಅವನನ್ನು ಕಂಡೊಡನೆ ಅವಳ ಎದೆ ಜೋರಾಗಿ ಬಡಿದುಕೊಂಡಿತು, ಕಾಲ ನಿಂತಂತಾಯಿತು, ಕೆನ್ನೆ ಕೆಂಪೇರಿತು’ ಎಂದು ಬರೆದರೆ ಯಾರ ಎದೆಯೂ ಬಡಿದುಕೊಳ್ಳುವುದಿಲ್ಲ. ಸಾವಿರ ಕಥೆಗಳಲ್ಲಿ ಸವೆದ ಮಾತುಗಳವು. ಅದಕ್ಕಿಂತ ದೊಡ್ಡ ತೊಂದರೆ, ತನಗೆ ಏನಾಗುತ್ತಿದೆ ಎಂದು ಅವಳಿಗೆ ಆಗಲೇ ಗೊತ್ತಿದೆ ಎನ್ನುವಂತೆ ಅವು ಕೇಳಿಸುತ್ತವೆ. ಹೀಗೆ ಬರೆದು ನೋಡಿ:

‘ಅವನು ನನ್ನ ಕಡೆ ತಿರುಗಿ ನಿಂತ. ಮುಂದಿನ ಸಾಲು ನನ್ನ ಬೆರಳಿನ ಕೆಳಗೇ ಇತ್ತು, ಅದರಡಿ ನಾನೇ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೆ. ಓದಲಾಗಲಿಲ್ಲ. ಅವನ ಅಂಗಿಯ ಎರಡನೇ ಗುಂಡಿಯನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿದಿದ್ದರು. ಯಾರು ಹೊಲಿದಿರಬಹುದು? ಅವನೇ ಇರಬೇಕು. ಗಂಟು ಹೊರಗಡೆಯೇ ಉಳಿದಿತ್ತು.’

ಪ್ರೀತಿ ಎಂಬ ಮಾತು ಇಲ್ಲಿ ಎಲ್ಲೂ ಇಲ್ಲ. ಆದರೂ ಅವಳ ಕೆಲಸ ಕೈತಪ್ಪಿದೆ, ಕಣ್ಣು ಎಲ್ಲೋ ನೆಟ್ಟಿದೆ, ಒಂದು ಗುಂಡಿಯಿಂದ ಅವನ ಮನೆಯವರೆಗೆ ಯೋಚನೆ ಹೋಗಿದೆ. ಅವನಿಗೆ ಗುಂಡಿ ಹೊಲಿದುಕೊಡುವವರು ಯಾರೂ ಇಲ್ಲವೇನೋ ಎಂಬ ಅನುಮಾನ ಓದುಗರಲ್ಲೂ ಮೂಡುತ್ತದೆ. ನಿಯಮ ಇಷ್ಟೇ: ಭಾವನೆ ಹೆಚ್ಚಾದಷ್ಟೂ ನೋಟ ಕಿರಿದಾಗಲಿ. ಗುಂಡಿ, ಉಗುರು, ಚಪ್ಪಲಿಯ ಪಟ್ಟಿ, ಅವನು ಇಂಗ್ಲಿಷ್ ‘ಎಫ್’ ಬರೆಯುವ ರೀತಿ.

ಡೊರೊಥಿ ಟೆನೊವ್ ಎಂಬ ಮನಶ್ಶಾಸ್ತ್ರಜ್ಞೆ 1979ರ ತಮ್ಮ ಪುಸ್ತಕದಲ್ಲಿ ಈ ಮನಃಸ್ಥಿತಿಯನ್ನು ಲಿಮರೆನ್ಸ್ ಎಂಬ ಹೆಸರಿನಿಂದ ವಿವರಿಸಿದರು. ಒಬ್ಬರ ಯೋಚನೆ ಬೇಡವೆಂದರೂ ನುಗ್ಗಿ ಬರುವುದು, ಅವರ ಚಿಕ್ಕ ಚಿಕ್ಕ ನಡೆಯಲ್ಲೂ ಸಂಕೇತ ಹುಡುಕುವುದು ಅದರ ಲಕ್ಷಣ. ಅವರಿಗೂ ನನ್ನ ಮೇಲೆ ಮನಸ್ಸಿದೆಯೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲೇ ಅದು ಉರಿಯುತ್ತದೆ. ಹಾಗಾಗಿ ಸಂಕೇತಗಳನ್ನು ಎರಡು ಬಗೆಯಲ್ಲಿ ಓದಬರುವಂತೆ ಬರೆಯಿರಿ. ಅವನು ತನ್ನ ನೀರಿನ ಬಾಟಲಿಯನ್ನು ಅವಳ ಕುರ್ಚಿಯ ಪಕ್ಕ ಬಿಟ್ಟು ಹೋದದ್ದು ಮರೆತೋ, ಮತ್ತೆ ಬರಲು ನೆಪಕ್ಕೋ? ಅವಳು ಆ ರಾತ್ರಿಯೆಲ್ಲ ಅದನ್ನೇ ತಿರುವಿಹಾಕಲಿ. ಓದುಗರೂ ತಿರುವಿಹಾಕುತ್ತಾರೆ.

ಏಳನೇ ಹಂತ: ಮಾತು

ಹದಿಹರೆಯದವರು ಹೇಳಬೇಕಾದದ್ದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಾರೆ. ಸಂಭಾಷಣೆಯನ್ನು ಆ ಬದಿಯ ದಾರಿಯಲ್ಲೇ ನಡೆಸಿ.

‘ನಾಳೆ ರಿಹರ್ಸಲ್ ಇದ್ಯಾ?’
‘ನೋಟಿಸ್ ಬೋರ್ಡಲ್ಲಿ ಹಾಕಿದಾರಲ್ಲ.’
‘ನೋಡ್ಲಿಲ್ಲ.’
‘ಅದರ ಮುಂದೇನೇ ನಿಂತಿದೀಯ.’

ಇಷ್ಟರಲ್ಲಿ ಅವನು ಸಿಕ್ಕಿಬಿದ್ದ, ಅವಳಿಗೆ ಅದು ಇಷ್ಟವೂ ಆಯಿತು. ‘ಎಂದು ನಾಚುತ್ತ ಹೇಳಿದ’ ಎಂದು ಸೇರಿಸಿದಿರೋ, ಕೆಟ್ಟಿತು.

ನಿರೂಪಣೆ ಬರಹದ ಕನ್ನಡದಲ್ಲಿದ್ದರೂ ಮಾತು ಆಡುಮಾತಿನಲ್ಲೇ ಇರಲಿ. ‘ನೀನು ನಾಳೆ ಬರುತ್ತೀಯಾ’ ಎಂದು ಯಾವ ಹುಡುಗನೂ ಕೇಳುವುದಿಲ್ಲ, ‘ನಾಳೆ ಬರ್ತೀಯಾ’ ಎನ್ನುತ್ತಾನೆ. ನಿಮಗೆ ಬಾಯಿಗೆ ಬರುವ ಸೀಮೆಯ ಕನ್ನಡವನ್ನೇ ಬಳಸಿ, ಗೊತ್ತಿಲ್ಲದ ಕಡೆಯದ್ದನ್ನು ಅನುಕರಿಸಲು ಹೋಗಬೇಡಿ. ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಇನ್ನೊಂದು ಒಳ್ಳೆಯ ಸಾಧನವಿದೆ: ಸಂಬೋಧನೆ. ತರಗತಿಯವರನ್ನೆಲ್ಲ ‘ಲೇ’, ‘ಏ’ ಎಂದು ಕರೆಯುವ ಹುಡುಗ ಇವಳೊಬ್ಬಳನ್ನು ಕರೆಯುವಾಗ ಏನೂ ಅನ್ನಲು ಬಾರದೆ ಗಂಟಲು ಸರಿಪಡಿಸಿಕೊಳ್ಳುತ್ತಾನೆ. ಹೊಸಬನೆಂದು ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಸಿಟ್ಟಿನಲ್ಲೊಮ್ಮೆ ‘ಹೋಗೋ’ ಎಂದುಬಿಡುತ್ತಾಳೆ, ಆಮೇಲೆ ಹಿಂದಕ್ಕೆ ಹೋಗಲು ಇಬ್ಬರಿಗೂ ಮನಸ್ಸಾಗುವುದಿಲ್ಲ. ಆ ಒಂದು ‘ಹೋಗೋ’ಗೆ ಇಡೀ ಅಧ್ಯಾಯ ಕೊಡಬಹುದು.

ಫೋನಿನ ಸಂದೇಶಗಳನ್ನು ಮಿತವಾಗಿ ಬಳಸಿ. ಸಂದೇಶಕ್ಕಿಂತ ಅದರ ಸುತ್ತಲಿನದ್ದು ರುಚಿ: ‘ಟೈಪಿಂಗ್’ ಎಂದು ಬಂದು ಮಾಯವಾಗುವುದು, ಬರೆದು ಅಳಿಸಿದ್ದು, ಓದಿಯೂ ಉತ್ತರಿಸದೆ ಉಳಿದ ಮೂರು ಗಂಟೆ.

ಎಂಟನೇ ಹಂತ: ಸಿಹಿಯ ಗೆರೆ

ಸಿಹಿಯಾದ ಪ್ರೇಮಕಥೆ ಎಂದರೆ ದೈಹಿಕ ವರ್ಣನೆಗೆ ಹೋಗದ ಕಥೆ. ಕೈ ಹಿಡಿಯುವುದು, ಹೆಚ್ಚೆಂದರೆ ಒಂದು ಮುತ್ತು, ಅಷ್ಟಕ್ಕೆ ಗೆರೆ. ಇದರಿಂದ ತೀವ್ರತೆ ತಗ್ಗುವುದಿಲ್ಲ. ದೊರೆಯುವುದು ಕಡಿಮೆಯಾದಷ್ಟೂ ದೊರೆತದ್ದರ ತೂಕ ಹೆಚ್ಚು. ನಮ್ಮ ಕಥೆಯಲ್ಲಿ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸುವಾಗ ಬೆರಳು ತಾಗುವುದು ಎಂಟನೇ ಅಧ್ಯಾಯದಲ್ಲಿ ಬಂದರೆ, ಬೇಕೆಂದೇ ಕೈ ಹಿಡಿಯುವುದು ಹದಿನಾಲ್ಕಕ್ಕೆ ಮುಂಚೆ ಬಾರದಿರಲಿ.

ಒಂದು ವಿಷಯದಲ್ಲಿ ರಾಜಿ ಬೇಡ. ಬೇಡವೆಂದ ಮೇಲೂ ಹಿಂದೆ ಬೀಳುವುದು, ಯಾರೊಡನೆ ಮಾತಾಡಬೇಕೆಂದು ಅಪ್ಪಣೆ ಮಾಡುವುದು, ಫೋನ್ ಕಸಿದು ನೋಡುವುದು, ಇವನ್ನು ಪ್ರೀತಿಯ ಗುರುತಾಗಿ ತೋರಿಸಬೇಡಿ. ಇದನ್ನು ಓದುವ 14ರ ಹುಡುಗಿಗೋ ಹುಡುಗನಿಗೋ ಪ್ರೀತಿ ಹೇಗಿರುತ್ತದೆ ಎಂಬುದಕ್ಕೆ ನಿಮ್ಮ ಪುಸ್ತಕವೇ ಮೊದಲ ಚಿತ್ರವಾಗಬಹುದು. ‘ಕೈ ಹಿಡ್ಕೊಳ್ಲಾ?’ ಎಂದು ಕೇಳಿ, ಉತ್ತರಕ್ಕೆ ಕಾಯುವ ಹುಡುಗನನ್ನು ಬರೆಯಿರಿ. ಆ ಕಾಯುವಿಕೆಯಲ್ಲಿ ಇರುವಷ್ಟು ರೋಮಾಂಚನ ಯಾವ ದುಡುಕಿನಲ್ಲೂ ಇಲ್ಲ.

ಮನೆಯವರು, ಗೆಳೆಯರು

ಅಪ್ಪ ಅಮ್ಮಂದಿರನ್ನು ಕಥೆಯಿಂದ ಮಾಯ ಮಾಡಬೇಡಿ, ರಾಕ್ಷಸರನ್ನಾಗಿಯೂ ಮಾಡಬೇಡಿ. ಅವರಿಗೆ ತಮ್ಮದೇ ಚಿಂತೆಗಳಿರಲಿ. ಆಪ್ತ ಗೆಳತಿ ಸಲಹೆ ಕೊಡುವ ಯಂತ್ರವಾಗದಿರಲಿ. ಪ್ರೀತಿಯಲ್ಲಿ ಮುಳುಗಿದವಳು ಗೆಳತಿಯ ಮುಖ್ಯವಾದ ದಿನವೊಂದನ್ನು ಮರೆಯುವುದು, ಆಮೇಲೆ ಕ್ಷಮೆ ಕೇಳುವುದು ಇದ್ದರೆ ಕಾದಂಬರಿ ದೊಡ್ಡದಾಗುತ್ತದೆ.

ಒಂಬತ್ತನೇ ಹಂತ: ಕೊನೆ

ಪ್ರೇಮಕಾದಂಬರಿಗೆ ಎರಡು ಲಕ್ಷಣ ಬೇಕೆಂದು ಅಮೆರಿಕದ ರೊಮ್ಯಾನ್ಸ್ ಬರಹಗಾರರ ಸಂಘ ಹೇಳುತ್ತ ಬಂದಿದೆ: ಪ್ರೀತಿಯೇ ಕಥೆಯ ನಡುವಿರಬೇಕು, ಕೊನೆ ಮನಸ್ಸಿಗೆ ತೃಪ್ತಿ ಕೊಡಬೇಕು, ಭರವಸೆ ಉಳಿಸಬೇಕು. ಆದರೆ ಮೊದಲ ಪ್ರೇಮಕ್ಕೆ ‘ಹತ್ತು ವರ್ಷಗಳ ನಂತರ ಮದುವೆ’ ಎಂಬ ಕೊನೆಯ ಅಧ್ಯಾಯ ಬೇಕಿಲ್ಲ, ಅದು ಹದಿನಾರರ ತೀವ್ರತೆಗೆ ಮುಂಗಡ ಪ್ರಮಾಣಪತ್ರ ಕೇಳಿದಂತೆ. ಈಗ ಇಬ್ಬರೂ ಜೊತೆಗಿದ್ದಾರೆ, ನಾಳೆ ಏನೋ ಗೊತ್ತಿಲ್ಲ ಎಂಬ ಕೊನೆ ಹೆಚ್ಚು ಪ್ರಾಮಾಣಿಕ. ಬೇರೆಯಾದರೂ ತೊಂದರೆಯಿಲ್ಲ, ಪಡೆದದ್ದು ಕಳೆದದ್ದಕ್ಕಿಂತ ದೊಡ್ಡದೆಂದು ಓದುಗರಿಗೆ ಅನಿಸಿದರೆ ಸಾಕು.

ಎಲ್ಲಕ್ಕಿಂತ ಮುಖ್ಯ, ಕೊನೆಯ ನಡೆ ತಪ್ಪು ನಂಬಿಕೆಯ ಬೆನ್ನು ಮುರಿಯಬೇಕು. ನಾಟಕದ ಕೊನೆಯ ಪ್ರದರ್ಶನ. ಹುಡುಗ ಒಂದು ಸಾಲನ್ನೂ ಮರೆಯದೆ ಹೇಳುತ್ತಾನೆ, ಅವಳಿಂದ ಒಂದು ಪದವನ್ನೂ ಕೇಳದೆ. ಅದೇ ಅವನ ಕ್ಷಮೆಯಾಚನೆ. ಪರದೆ ಬಿದ್ದ ಮೇಲೆ ಅವಳು ಪ್ರತಿಯನ್ನು ಕುರ್ಚಿಯ ಮೇಲಿಟ್ಟು ಬಂದು, ಅದರಲ್ಲಿಲ್ಲದ ಮಾತೊಂದನ್ನು ಎಲ್ಲರಿಗೂ ಕೇಳುವಷ್ಟು ಜೋರಾಗಿ ಹೇಳುತ್ತಾಳೆ. ಆ ಮಾತು ಏನೆಂಬುದನ್ನು ನೀವು ಕಂಡುಕೊಳ್ಳಬೇಕು, ‘ಐ ಲವ್ ಯೂ’ ಮಾತ್ರ ಬೇಡ.

ಹತ್ತನೇ ಹಂತ: ತಿದ್ದುವುದು

ಮೊದಲ ಕರಡು ಮುಗಿದ ಮೇಲೆ ಒಂದು ತಿಂಗಳು ಮುಟ್ಟದೆ ಇಡಿ. ಆಮೇಲೆ ಸಂಭಾಷಣೆಯನ್ನೆಲ್ಲ ಗಟ್ಟಿಯಾಗಿ ಓದಿ, ನಾಲಿಗೆ ತೊಡರಿದಲ್ಲಿ ಗುರುತು ಹಾಕಿ. ಕಂಪ್ಯೂಟರಿನಲ್ಲಿ ‘ಹೃದಯ’, ‘ಕಣ್ಣು’, ‘ನಗು’, ‘ಮೌನ’ ಈ ನಾಲ್ಕು ಪದಗಳನ್ನು ಹುಡುಕಿ, ಅರ್ಧಕ್ಕರ್ಧ ತೆಗೆಯಬಹುದು ಎಂದು ನಿಮಗೇ ಕಾಣುತ್ತದೆ. ಇಬ್ಬರೂ ಭೇಟಿಯಾಗುವ ದೃಶ್ಯಗಳನ್ನಷ್ಟೇ ಒಂದು ಹಾಳೆಯಲ್ಲಿ ಪಟ್ಟಿಮಾಡಿ, ಪ್ರತಿಯೊಂದರ ಮುಂದೆ ಅಲ್ಲಿ ಹೊಸದಾಗಿ ಏನು ಬದಲಾಯಿತು ಎಂದು ಬರೆಯಿರಿ. ಬರೆಯಲು ಏನೂ ಸಿಗದ ದೃಶ್ಯವನ್ನು ತೆಗೆಯಿರಿ, ಇಲ್ಲವೇ ಪಕ್ಕದ ದೃಶ್ಯದೊಳಗೆ ಸೇರಿಸಿ.

ಆಮೇಲೆ 15ರಿಂದ 17ರ ನಾಲ್ಕೈದು ಮಂದಿಗೆ ಓದಲು ಕೊಡಿ, ಅವರಲ್ಲಿ ಹೆಚ್ಚು ಓದುವ ಅಭ್ಯಾಸವಿಲ್ಲದವರೂ ಒಬ್ಬರಿರಲಿ. ಇಷ್ಟವಾಯಿತೇ ಎಂದು ಕೇಳಿದರೆ ಹೌದು ಎಂದೇ ಹೇಳುತ್ತಾರೆ. ಎಲ್ಲಿ ಪುಟ ಹಾರಿಸಿದಿರಿ, ಎಲ್ಲಿ ‘ನಾವು ಹೀಗೆ ಮಾತಾಡಲ್ಲ’ ಅನಿಸಿತು, ಯಾವ ಪುಟದಲ್ಲಿ ಇವರಿಬ್ಬರಿಗೂ ಪ್ರೀತಿಯಾಗಿದೆ ಎಂದು ಗೊತ್ತಾಯಿತು ಎಂದು ಕೇಳಿ. ಕೊನೆಯ ಪ್ರಶ್ನೆಗೆ ಅವರು ಹೇಳುವ ಪುಟ, ಹುಡುಗಿ ಅದನ್ನು ತಾನೇ ಒಪ್ಪಿಕೊಳ್ಳುವ ಪುಟಕ್ಕಿಂತ ಬಹಳ ಮುಂಚೆ ಬರಬೇಕು. ಎರಡೂ ಒಂದೇ ಆಗಿದ್ದರೆ ಮೊದಲ ಹತ್ತು ಅಧ್ಯಾಯಗಳಲ್ಲಿ ಸಂಕೇತಗಳು ಸಾಲದಾಗಿವೆ, ತಿದ್ದುವುದನ್ನು ಅಲ್ಲಿಂದಲೇ ಶುರುಮಾಡಿ.